ಟ್ರಾವೆಲಿಂಗ್ ಮಾಸ್ಟ್ರು

ಮಂಗಳೂರು ಪಟ್ಟಣದ ಆಚೆಗಿನ ಕಾವೂರು ಕೆರೆಯ ಆಸುಪಾಸಿನಲ್ಲಿ ಇಸಿದೋರ್ ಲಸ್ರಾದೊ ಎಂದು ಕೇಳಿದರೆ ಆ ಕಾಲದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನರ್ಸ್‌ಬಾಯಿಯ ಗಂಡ ಎಂದರೆ ದಾರಿಯಲ್ಲಿ ಮೇಯುವ ದನವೂ ಮನೆ ತೋರಿಸುತ್ತಿತ್ತು. ಗೆರ್ಟ್ರೂಡ್ ಬಾಯಿ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ಸುತ್ತಲಿನ ಅರ್ಧ ಊರು ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡದ್ದು, ಉಳಿದರ್ಧ ಅವಳ ಕೈಗೇ ಹುಟ್ಟಿಬಿದ್ದದ್ದು. ಅಂಥವಳನ್ನು ಕಟ್ಟಿಕೊಂಡ ಗಂಡಸು ತನ್ನ ಹೆಸರನ್ನು ಉಳಿಸಿಕೊಳ್ಳುವುದು ಸುಲಭದ ಮಾತಲ್ಲ. ಇಸಿದೋರನಿಗೆ ಬರುವ ಕಾಗದದ ಮೇಲೆ ಕೂಡ ಹೆಂಡತಿಯ ಹೆಸರನ್ನು ದೊಡ್ಡದಾಗಿ, ಅವನದನ್ನು ಸಣ್ಣದಾಗಿ ಬರೆದಿರುತ್ತಿದ್ದರು. ಹಾಗೆ ಬರೆಯದಿದ್ದರೆ ಟಪಾಲಿನವನು ಮನೆ ಹುಡುಕಿ ಸುಸ್ತಾಗುತ್ತಿದ್ದ.

ನಲವತ್ತು ದಾಟಿದ ಅವನ ಬದುಕಿನಲ್ಲಿ ಅವನದೇ ಎಂದು ಹೇಳಿಕೊಳ್ಳಲು ಇದ್ದದ್ದು ಒಂದೇ ಒಂದು ಅರ್ಧ ಗಂಟೆ. ಆ ಅರ್ಧ ಗಂಟೆ ಅವನು ಬಹರೈನಿನಲ್ಲಿ ಕಳೆದದ್ದು.

ಸಾವಿರದ ಒಂಬೈನೂರ ಐವತ್ತೈದರಲ್ಲಿ, ಬೊಂಬಾಯಿಯ ಸೋದರಮಾವನ ಶಿಫಾರಸಿನಿಂದ, ಅವನಿಗೆ ಬಸ್ರಾಕ್ಕೆ ಹೋಗುವ ಒಂದು ಪ್ರಯಾಣಿಕರ ಹಡಗಿನಲ್ಲಿ ಕೆಲಸ ಸಿಕ್ಕಿತ್ತು. ಊರಿಗೆ ಬರೆದ ಕಾಗದಗಳಲ್ಲಿ ಅವನು ಸ್ಟೂವರ್ಡ್ ಆಗಿದ್ದ. ಹಡಗಿನಲ್ಲಿ ತಟ್ಟೆ ತೊಳೆಯುತ್ತಿದ್ದ. ಅವನ ಹೊಟ್ಟೆಗೂ ಸಮುದ್ರಕ್ಕೂ ಮೊದಲ ದಿನವೇ ವೈರ ಬಿತ್ತು. ತಿಂದದ್ದರಲ್ಲಿ ಮುಕ್ಕಾಲು ಪಾಲನ್ನು ಅವನು ಸಮುದ್ರಕ್ಕೇ ಒಪ್ಪಿಸಿದ. ಹನ್ನೊಂದನೆಯ ತಿಂಗಳಿಗೆ ಹಡಗಿನ ಡಾಕ್ಟರು, ಇವನನ್ನು ಹೀಗೇ ಬಿಟ್ಟರೆ ಮುಂದಿನ ಸಲ ಬೊಂಬಾಯಿ ಮುಟ್ಟುವುದು ಇವನ ಟ್ರಂಕು ಮಾತ್ರ ಎಂದು ಬರೆದುಕೊಟ್ಟರು. ಇಸಿದೋರ್ ಊರಿಗೆ ಮರಳಿದ. ಪರದೇಶಕ್ಕೆ ಹೋದವರು ಬಂಗಾರ ತರುವುದು ರೂಢಿ. ಇವನು ತಂದದ್ದು ಒಂದು ಕಥೆ.

ಕಥೆ ಇಷ್ಟು. ಎಂಜಿನು ಕೆಟ್ಟು ಹಡಗು ಎರಡು ದಿನ ಬಹರೈನಿನಲ್ಲಿ ನಿಂತಿತ್ತು. ನೆಲದ ಮೇಲೆ ಕಾಲಿಟ್ಟರೆ ಸಾಕೆಂದು ಇಸಿದೋರ್ ಸುಮ್ಮನೆ ನಡೆದುಕೊಂಡು ಹೋದ. ಒಂದು ತಂತಿ ಬೇಲಿ, ಅದರೊಳಗೆ ಸಿಮೆಂಟು ಅಂಗಳ, ಎರಡು ತುದಿಗೂ ಎತ್ತರದ ಕಂಬಕ್ಕೆ ಸಿಕ್ಕಿಸಿದ ಕಬ್ಬಿಣದ ಬಳೆ. ಎಣ್ಣೆ ಬಾವಿಗಳ ಕೆಲಸಕ್ಕೆ ಬಂದಿದ್ದ ಅಮೇರಿಕದವರು ಒಂಬತ್ತು ಜನ ಚಡ್ಡಿ ತೊಟ್ಟು ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಚೆಂಡು ಬೇಲಿ ಹಾರಿ ಇವನ ಕಾಲಬುಡಕ್ಕೆ ಬಂತು. ಕೆಂಪು ಕೂದಲಿನವನೊಬ್ಬ ಕೈಬೀಸಿ ಕರೆದ. ಹತ್ತನೆಯವನು ಬೇಕಾಗಿತ್ತು. ಹೆಸರಿಲ್ಲ, ಕುಲವಿಲ್ಲ, ಕೆಲಸ ಎಂತದ್ದು ಎಂಬ ಪ್ರಶ್ನೆಯೂ ಇಲ್ಲ. ಮಂಗಳೂರಿನಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಆಟದ ತಲೆಬುಡ ಇಸಿದೋರನಿಗೆ ಗೊತ್ತಿರಲಿಲ್ಲ. ಚೆಂಡು ಕೈಗೆ ಬಂದದ್ದೇ ತಡ, ಹಲಸಿನ ಹಣ್ಣು ಕದ್ದವನ ಹಾಗೆ ಅದನ್ನು ಎದೆಗೆ ಅವಚಿಕೊಂಡು ಓಡಿದ. ಅಷ್ಟರಲ್ಲಿ ಎಲ್ಲರೂ ಒಂದೇ ಬಾಯಲ್ಲಿ, "ಟ್ರಾವೆಲಿಂಗ್," ಎಂದು ಕೂಗಿದರು.

ಇಸಿದೋರ್ ಎಂಟನೆಯ ಕ್ಲಾಸಿನವರೆಗೆ ಇಂಗ್ಲಿಷು ಓದಿದವನು. ಟ್ರಾವೆಲಿಂಗ್ ಎಂದರೆ ಪ್ರಯಾಣ. ಪರವೂರಿನ ಮನುಷ್ಯನನ್ನು ಕಂಡು, ಪ್ರಯಾಣದಲ್ಲಿದ್ದೀಯಾ ಎಂದು ವಿಚಾರಿಸುವುದು ದೊಡ್ಡ ಜನರ ಮರ್ಯಾದೆ. ಅವನು ನಿಂತು, ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, "ಯೆಸ್ ಸರ್, ಟ್ರಾವೆಲಿಂಗ್. ಮ್ಯಾಂಗಲೋರ್ ಟು ಬಸ್ರಾ," ಎಂದ. ಅವರು ಬಿದ್ದು ಬಿದ್ದು ನಕ್ಕರು. ಚೆಂಡನ್ನು ಆಚೆಯವರು ಕೇಳಿದರು, ಇವನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮುಂದೆ ಅವನು ಚೆಂಡು ಹಿಡಿದು ಓಡಿದಾಗಲೆಲ್ಲ ಅದೇ ಕೂಗು, ಅದೇ ನಗು, ಅವನದು ಅದೇ ವಂದನೆ. ಕೊನೆಗೆ ಅವರು ಕೂಗುವುದನ್ನೂ ಬಿಟ್ಟು ದಾರಿ ಮಾಡಿಕೊಟ್ಟರು. ಇಸಿದೋರ್ ಅಂಗಳದ ಈ ತುದಿಯಿಂದ ಆ ತುದಿಗೆ ಓಡಿ ಚೆಂಡನ್ನು ಬಳೆಯೊಳಗೆ ಹಾಕಿದ. ಕೆಂಪು ಕೂದಲಿನವನು ಕೈಕುಲುಕಿ, "ನಿನ್ನಂಥ ಟ್ರಾವೆಲಿಂಗ್ ಮನುಷ್ಯನನ್ನು ನಾನು ನೋಡಿಯೇ ಇಲ್ಲ," ಎಂದನಂತೆ.

ಈ ಕಥೆಯನ್ನು ಗೆರ್ಟ್ರೂಡ್ ಮೊದಲ ಸಲ ಕೇಳಿದಾಗ ತನ್ನ ನರ್ಸಿನ ಟೊಪ್ಪಿಗೆ ಗಂಜಿ ಹಾಕುತ್ತಿದ್ದಳು. "ಅವರು ನಗುತ್ತಿದ್ದದ್ದಾ, ಹೊಗಳುತ್ತಿದ್ದದ್ದಾ?" ಎಂದು ಒಂದೇ ಮಾತು ಕೇಳಿದಳು.

"ಎರಡೂ ಒಂದೇ ಅಲ್ವಾ," ಎಂದ ಇಸಿದೋರ್. "ದೊಡ್ಡ ಜನ ನಕ್ಕೇ ಹೊಗಳುವುದು."

ಅವಳು ಮತ್ತೆ ಕೇಳಲಿಲ್ಲ. ದಿನಕ್ಕೆ ಎಂಬತ್ತು ಜನ ರೋಗಿಗಳ ಮಾತು ಕೇಳುವವಳಿಗೆ ಯಾವುದಕ್ಕೆ ಮದ್ದಿಲ್ಲ ಎಂಬುದು ಗೊತ್ತಿರುತ್ತದೆ.

ಹಾಳೂರಿಗೆ ಉಳಿದವನೇ ಗೌಡ. ಬಾಸ್ಕೆಟ್‌ಬಾಲನ್ನು ಪಟ್ಟಣದ ಕಾಲೇಜುಗಳಲ್ಲಿ ಆಡುತ್ತಿದ್ದರು, ಕಾವೂರಿನ ಕಡೆ ಅದರ ಹೆಸರು ಕೇಳಿದವರೂ ಇರಲಿಲ್ಲ. ಇಸಿದೋರ್ ಊರ ಕ್ರೈಸ್ತರ ಇಗರ್ಜಿಯ ಹಿಂದಿನ ಬಯಲಿನಲ್ಲಿ ತೆಂಗಿನ ಕಂಬ ನೆಟ್ಟು, ಮುರಿದ ಎತ್ತಿನಗಾಡಿಯ ಗಾಲಿಯ ಪಟ್ಟಿಯನ್ನು ಬಳೆಯೆಂದು ಕಟ್ಟಿಸಿ, ಸಂಜೆ ಕೆಲಸ ಮುಗಿಸಿ ಬರುವ ಗಂಡಸರನ್ನು ಸೇರಿಸಿ ಆಟ ಕಲಿಸಲು ತೊಡಗಿದ. ಗಾಲಿಯ ಪಟ್ಟಿ ಎಷ್ಟು ಅಗಲವಿತ್ತೆಂದರೆ ಚೆಂಡಿನ ಜೊತೆ ಎಸೆದವನೂ ಒಳಗೆ ಹೋಗಬಹುದಿತ್ತು.

ಬಾಸಿಲ್ ಅವನ ಮೊದಲ ಶಿಷ್ಯ. ಪಟ್ಟಣದ ಹಂಪನಕಟ್ಟೆಯಿಂದ ಕಾವೂರಿಗೆ ಬರುವ ಬಸ್ಸಿನ ಕಂಡಕ್ಟರು, ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ಅವನು ಒಮ್ಮೆ ಕೇಳಿದ, "ಅಲ್ಲ ಇಸಿದೋರ್ ಬಾಬ್, ಕಾಲೇಜಿನವರು ಚೆಂಡನ್ನು ನೆಲಕ್ಕೆ ಕುಟ್ಟಿಕೊಂಡು ಹೋಗ್ತಾರಲ್ಲ. ನಾನು ಬಸ್ಸಿಂದ ನೋಡಿದ್ದೇನೆ."

ಇಸಿದೋರ್ ಕನಿಕರದಿಂದ ನಕ್ಕ. "ಬಹರೈನಿನಲ್ಲೂ ಕೆಲವರು ಕುಟ್ಟುತ್ತಿದ್ದರು ಮಾರಾಯ. ಹಿಡಿಯಲಿಕ್ಕೆ ಬರದವರು ಕುಟ್ಟುವುದು. ಚೆಂಡು ಕೈಗೆ ಬಂದ ಮೇಲೆ ಅದನ್ನು ಯಾಕೆ ಬಿಡಬೇಕು? ಹಿಡಿ, ಓಡು. ಅದಕ್ಕೆ ಟ್ರಾವೆಲಿಂಗ್ ಅಂತ ಹೆಸರು. ಆಟದಲ್ಲಿ ಅದಕ್ಕಿಂತ ಮೇಲಿನ ವಿದ್ಯೆ ಇಲ್ಲ. ಒಳ್ಳೆಯ ಟ್ರಾವೆಲಿಂಗ್ ಕಂಡರೆ ಎದುರು ಪಾರ್ಟಿಯವರೂ ಕೂಗಿ ಹೇಳ್ತಾರೆ."

ಬಯಲಿನ ನೆಲ ಕೆಂಪು ಮುರಕಲ್ಲಿನ ಪುಡಿ. ಅಲ್ಲಿ ಚೆಂಡು ಕುಟ್ಟಿದರೂ ಮೇಲೆ ಬರುತ್ತಿರಲಿಲ್ಲ. ಹಾಗಾಗಿ ಗುರುವಿನ ಮಾತು ಎಲ್ಲರಿಗೂ ಸರಿಯೆಂದೇ ಕಂಡಿತು. ಮೂರು ವರ್ಷ ಆ ಗಂಡಸರು ಚೆಂಡನ್ನು ಎದೆಗೆ ಅವಚಿ ಓಡಿದರು. ಒಬ್ಬ ಓಡಿದರೆ ಉಳಿದವರು "ಟ್ರಾವೆಲಿಂಗ್" ಎಂದು ಹೊಗಳಬೇಕು, ಅವನು ನಿಂತು ಎದೆಗೆ ಕೈಯಿಟ್ಟು ತಲೆ ಬಾಗಬೇಕು. ಅದನ್ನೂ ಅಭ್ಯಾಸ ಮಾಡಿಸಿದ್ದ.

ಹಂಚಿನ ಕಾರ್ಖಾನೆಯ ಪೂವಪ್ಪ ಒಬ್ಬ ಮಾತ್ರ ಕಲಿಯಲಿಲ್ಲ. ಆರಡಿಯ ಮೇಲಿನ ಆಳು, ದಿನವಿಡೀ ಹಂಚು ಹೊತ್ತು ಬರುತ್ತಿದ್ದ. "ಓಡ್ಲಿಕ್ಕೆ ನನ್ನಿಂದ ಆಗುದಿಲ್ಲ ಪೊರ್ಬುಳೆ," ಎಂದು, ಕ್ರೈಸ್ತರನ್ನು ತುಳುವರು ಕರೆಯುವ ಹಾಗೆ ಕರೆದು, ಕಂಬದ ಬುಡದಲ್ಲೇ ನಿಲ್ಲುತ್ತಿದ್ದ. ಚೆಂಡು ಕೊಟ್ಟರೆ ನಿಂತಲ್ಲಿಂದಲೇ ಹಂಚು ಎಸೆದ ಹಾಗೆ ಮೇಲಕ್ಕೆ ಎಸೆಯುತ್ತಿದ್ದ. ಇಸಿದೋರ್ ಅವನನ್ನು ದಡ್ಡನೆಂದು ಕೈಬಿಟ್ಟ, ಲೆಕ್ಕ ಭರ್ತಿಗೆ ಮಾತ್ರ ಪಾರ್ಟಿಯಲ್ಲಿ ಇಟ್ಟುಕೊಂಡ.

ಅರವತ್ತೊಂದರಲ್ಲಿ ಇಗರ್ಜಿಯ ಶಾಲೆಯ ಡ್ರಿಲ್ ಮಾಸ್ಟ್ರು ವಯಸ್ಸಾಗಿ ಬಿಟ್ಟುಹೋದರು. ಇಸಿದೋರ್ ಅರ್ಜಿ ಹಾಕಿದ. ಸಂಬಳದ ಆಸೆಗಿಂತ ಅವನಿಗೆ ಬೇಕಾಗಿದ್ದದ್ದು ಆ ಕೊನೆಯ ಎರಡಕ್ಷರ. ಮಾಸ್ಟ್ರು. ಊರಲ್ಲಿ ಹೆಂಡತಿಯ ಹೆಸರು ಹೇಳದೆ ಅವನನ್ನು ಕರೆಯಲು ಜನರಿಗೆ ಅದೊಂದು ದಾರಿ. ಇಗರ್ಜಿಯ ಪಾದ್ರಿ ವಿಗಾರ್ ಫಾದರ್‌ಗೂ ಅವನ ಮೇಲೆ ಮನಸ್ಸಿತ್ತು. ಬಹರೈನಿನ ಕಥೆ ಅವರಿಗೆ ಎಷ್ಟು ಹಿಡಿಸಿತ್ತೆಂದರೆ ಒಂದು ಆದಿತ್ಯವಾರ ಪೂಜೆಯ ಪ್ರವಚನದಲ್ಲೇ, "ನಾವೆಲ್ಲರೂ ಸ್ವರ್ಗದ ದಾರಿಯಲ್ಲಿ ಟ್ರಾವೆಲಿಂಗ್ ಮಾಡುವವರು, ನಮ್ಮ ಇಸಿದೋರನ ಹಾಗೆ ಹಿಡಿದದ್ದನ್ನು ಬಿಡದೆ ಓಡಬೇಕು," ಎಂದಿದ್ದರು.

ಆದರೆ ಶಾಲೆಯ ಮಂಡಳಿಯ ಹಿರಿಯರು ತಕರಾರು ತೆಗೆದರು. ತಟ್ಟೆ ತೊಳೆದವನಿಗೆ ಆಟ ಗೊತ್ತುಂಟು ಎಂಬುದಕ್ಕೆ ಸಾಕ್ಷಿ ಎಂತ?

"ಒಂದು ಪಂದ್ಯ ಆಡಿಸಿ ತೋರಿಸು," ಎಂದರು ಫಾದರ್. "ಗೆಲ್ಲಬೇಕು ಅಂತ ಇಲ್ಲ. ನಿನ್ನ ಕಲಿಸುವಿಕೆ ಅವರ ಕಣ್ಣಿಗೆ ಬೀಳಬೇಕು. ಆರ್ಡರು ಟೈಪ್ ಮಾಡಿಸಿ ಕಿಸೆಯಲ್ಲಿ ಇಟ್ಟುಕೊಂಡೇ ಬರ್ತೇನೆ."

ಪಟ್ಟಣದ ಒಂದು ಯುವಕರ ಕ್ಲಬ್ಬು ಪಂದ್ಯಕ್ಕೆ ಒಪ್ಪಿತು. ಡಿಸೆಂಬರಿನ ಒಂದು ಆದಿತ್ಯವಾರ, ಕಾಲೇಜೊಂದರ ಸಿಮೆಂಟು ಅಂಗಳ. ಇಡೀ ಇಗರ್ಜಿ ಬಾಸಿಲನ ಬಸ್ಸಿನಲ್ಲೇ ಹೊರಟಿತು. ಇಸಿದೋರ್ ಮದುವೆಯ ಕೋಟು ತೊಟ್ಟಿದ್ದ. ಗೆರ್ಟ್ರೂಡ್‌ಗೆ ಆ ದಿನ ಆಸ್ಪತ್ರೆಯಲ್ಲಿ ಪಾಳಿ ಇತ್ತು. ಹೊರಡುವಾಗ, "ಕಾಲು ಮುರಿದವರನ್ನು ಸೀದಾ ನನ್ನ ವಾರ್ಡಿಗೆ ಕಳಿಸಿ," ಎಂದು ಮಾತ್ರ ಹೇಳಿದ್ದಳು.

ರೆಫರಿ ಜಮಾಲುದ್ದೀನ್. ಬಂದರಿನ ಕಡೆಯ ಒಂದು ಶಾಲೆಯಲ್ಲಿ ಆಟದ ಮಾಸ್ಟ್ರು, ತೆಳ್ಳಗಿನ ಮನುಷ್ಯ, ಮಿತ ಮಾತು. ಅವರು ಚೆಂಡು ಮೇಲಕ್ಕೆಸೆದರು. ಅದು ಬಾಸಿಲನ ಕೈಗೆ ಬಂತು. ಬಾಸಿಲ್ ಅದನ್ನು ಎದೆಗೆ ಅವಚಿಕೊಂಡ, ತಲೆ ತಗ್ಗಿಸಿದ, ಬಿಟ್ಟ ಬಾಣದ ಹಾಗೆ ಓಡಿದ. ಸೀಟಿ ಕೂಗಿತು.

"ಟ್ರಾವೆಲಿಂಗ್," ಎಂದರು ಜಮಾಲುದ್ದೀನ್.

ಕಾವೂರಿನವರ ಸಾಲಿನಲ್ಲಿ ಚಪ್ಪಾಳೆ ಸಿಡಿಯಿತು. ಬಾಸಿಲ್ ನಿಂತು, ಎದೆಗೆ ಕೈಯಿಟ್ಟು ತಲೆ ಬಾಗಿಸಿದ. ಇಸಿದೋರ್ ಕುರ್ಚಿಯಿಂದ ಎದ್ದು ತಾನೂ ಬಾಗಿಸಿದ. ಪಕ್ಕದಲ್ಲಿದ್ದ ವಿಗಾರ್ ಫಾದರ್ ಮಂಡಳಿಯ ಹಿರಿಯರ ಕಡೆ ತಿರುಗಿ, "ನೋಡಿದಿರಾ? ಪರವೂರಿನ ರೆಫರಿಯೇ ಹೇಳಿದ," ಎಂದರು.

ಚೆಂಡು ಆಚೆಯವರಿಗೆ ಹೋಯಿತು. ಅವರು ಕುಟ್ಟುತ್ತ ಹೋಗಿ ಬಳೆಗೆ ಹಾಕಿದರು. ಮತ್ತೆ ಚೆಂಡು ಈಚೆಗೆ ಬಂತು, ಮತ್ತೆ ಒಬ್ಬ ಅವಚಿಕೊಂಡು ಓಡಿದ, ಮತ್ತೆ ಸೀಟಿ, ಮತ್ತೆ ಚಪ್ಪಾಳೆ, ಮತ್ತೆ ವಂದನೆ. ಹತ್ತು ನಿಮಿಷದಲ್ಲಿ ಜಮಾಲುದ್ದೀನ್ ಹದಿನಾಲ್ಕು ಸಲ ಆ ಮಾತು ಹೇಳಿದರು. ಅವರ ಜನ್ಮದಲ್ಲಿ ತಪ್ಪು ಹಿಡಿದದ್ದಕ್ಕೆ ಇಷ್ಟು ಕೃತಜ್ಞತೆಯನ್ನು ಅವರು ಕಂಡಿರಲಿಲ್ಲ.

ಮಂಡಳಿಯ ಹಿರಿಯರೊಬ್ಬರಿಗೆ ಸಂಶಯ ಬಂತು. "ಅಲ್ಲ, ಹೊಗಳುವುದು ನಮ್ಮವರನ್ನು, ಚೆಂಡು ಕೊಡುವುದು ಅವರಿಗೆ. ಇದು ಎಂತ ಲೆಕ್ಕ?"

"ಮರ್ಯಾದೆ," ಎಂದ ಇಸಿದೋರ್. "ಹೊಗಳಿಕೆ ಸಿಕ್ಕಿದವನು ಚೆಂಡು ಬಿಟ್ಟುಕೊಡಬೇಕು. ಬಹರೈನಿನಲ್ಲಿ ನಾನೂ ಎರಡು ಕೈಯಲ್ಲಿ ಕೊಟ್ಟಿದ್ದೇನೆ."

ಹೇಳುವಾಗಲೇ ಅವನಿಗೂ ಲೆಕ್ಕ ತಪ್ಪಿದಂತೆ ಕಂಡಿತು. ಬಹರೈನಿನಲ್ಲಿ ಯಾಕೆ ಪ್ರತಿ ಸಲವೂ ಅವರು ಚೆಂಡು ಕೇಳಿದ್ದು? ಯಾಕೆ ಇವನಿಂದ ಮಾತ್ರ? ಆರು ವರ್ಷದಲ್ಲಿ ಬರದ ಪ್ರಶ್ನೆ ಈಗ ಬಂದದ್ದಕ್ಕೆ ಅವನು ಆ ಹಿರಿಯರನ್ನು ಮನಸ್ಸಿನಲ್ಲೇ ಶಪಿಸಿದ.

ಮಧ್ಯಂತರದ ಸೀಟಿ ಊದಿ ಜಮಾಲುದ್ದೀನ್ ಸೀದಾ ಅವನ ಕುರ್ಚಿಯ ಬಳಿಗೆ ಬಂದರು. ಆಚೆಯವರದು ಮೂವತ್ತು, ಕಾವೂರಿನದು ಎರಡು. ಆ ಎರಡೂ ಪೂವಪ್ಪನದು. ಚೆಂಡು ಹೇಗೋ ಅವನ ಕೈಗೆ ಬಿದ್ದು, ಅವನು ನಿಂತಲ್ಲಿಂದಲೇ ಎಸೆದಿದ್ದ. ಅದಕ್ಕೆ ಕಾವೂರಿನವರು ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

"ಸ್ವಾಮೀ, ಇವರಿಗೆ ಕಲಿಸುವವರು ನೀವೇ ಅಲ್ವಾ," ಎಂದರು ಜಮಾಲುದ್ದೀನ್. "ಟ್ರಾವೆಲಿಂಗ್ ಅಂದ್ರೆ ಎಂತ ಅಂತ ಇವರಿಗೆ ಗೊತ್ತುಂಟಾ?"

"ಗೊತ್ತಿಲ್ಲದೆ ಏನು?" ಎಂದ ಇಸಿದೋರ್. ಸ್ವರ ಅವನಿಗೇ ಸಣ್ಣದಾಗಿ ಕೇಳಿಸಿತು.

"ಗೊತ್ತಿದ್ದೂ ಮಾಡ್ತಾರಾ? ಅದು ತಪ್ಪು ಸ್ವಾಮಿ. ಚೆಂಡು ಕೈಯಲ್ಲಿ ಹಿಡಿದುಕೊಂಡು ಓಡಬಾರದು, ಕುಟ್ಟಿಕೊಂಡು ಹೋಗಬೇಕು. ಹಿಡಿದು ಓಡಿದರೆ ಟ್ರಾವೆಲಿಂಗ್. ಚೆಂಡು ಎದುರಿನವರಿಗೆ. ಈ ಆಟದಲ್ಲಿ ಚಿಕ್ಕ ಮಕ್ಕಳಿಗೆ ಮೊದಲ ದಿನ ಹೇಳಿಕೊಡುವುದು ಅದನ್ನೇ."

ಇಸಿದೋರನ ಕಣ್ಣಿನ ಮುಂದೆ ತಂತಿ ಬೇಲಿ, ಸಿಮೆಂಟು ಅಂಗಳ, ಬಿದ್ದು ಬಿದ್ದು ನಗುವ ಒಂಬತ್ತು ಜನ ಬಂದುನಿಂತರು. ಒಬ್ಬೊಬ್ಬರ ನಗುವೂ ಈಗ ಬೇರೆ ಬೇರೆಯಾಗಿ ಕಾಣಿಸಿತು. ಕೊನೆಯಲ್ಲಿ ದಾರಿ ಬಿಟ್ಟುಕೊಟ್ಟದ್ದು ಕೂಡ. ಹಠ ಮಾಡುವ ಹುಚ್ಚನಿಗೆ ದಾರಿ ಬಿಡುವುದು ಹಾಗೆಯೇ.

ವಿಗಾರ್ ಫಾದರ್ ಕೆಮ್ಮಿದರು. ಅವರ ನಿಲುವಂಗಿಯ ಕಿಸೆಯಿಂದ ಟೈಪ್ ಮಾಡಿದ ಕಾಗದದ ತುದಿ ಕಾಣುತ್ತಿತ್ತು. ತನ್ನ ಪ್ರವಚನವನ್ನು ಇಡೀ ಇಗರ್ಜಿ ಕೇಳಿದೆ ಎಂಬುದು ಅವರಿಗೂ ಆ ಕ್ಷಣವೇ ನೆನಪಾಗಿರಬೇಕು. ಸ್ವರ್ಗದ ದಾರಿಯಲ್ಲಿ ತಪ್ಪು ಆಟ ಆಡಿ ಎಂದು ಬೋಧಿಸಿದ ಪಾದ್ರಿ ಎಂಬ ಹೆಸರು ಯಾರಿಗೂ ಬೇಡ.

"ಇಸಿದೋರ್," ಎಂದರು, ಒಂದೊಂದೇ ಮಾತನ್ನು ಮೆಲ್ಲಗೆ ಇಳಿಸುತ್ತ. "ಯೋಚಿಸಿ ಹೇಳು. ಇದನ್ನು ನೀನು ಕಲಿಸಿದ್ದಾ? ಅಥವಾ ನೀನು ಸರಿಯಾಗಿ ಕಲಿಸಿದ್ದನ್ನು ಇವರು ಮರೆತದ್ದಾ?"

ಎಂತ ಉತ್ತರ ಬೇಕಾಗಿದೆ ಎಂಬುದು ಪ್ರಶ್ನೆಯಲ್ಲೇ ಇತ್ತು. ಉತ್ತರಪತ್ರಿಕೆಯನ್ನು ಕೈಗೆ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಎರಡು ಮಾರು ದೂರದಲ್ಲಿ ಬಾಸಿಲ್ ಬೆವರಿಳಿಸುತ್ತ, ನೀರಿನ ಚೊಂಬು ಹಿಡಿದು ನಿಂತಿದ್ದ. ಮೂರು ವರ್ಷ ಒಂದು ಸಂಜೆಯೂ ತಪ್ಪಿಸದೆ ಬಂದವನು. ನಾನು ಕಲಿಸಿದ್ದು ಎಂದರೆ ಕಿಸೆಯ ಕಾಗದ ಕಿಸೆಯಲ್ಲೇ ಉಳಿಯುತ್ತದೆ, ತಾನು ಸಾಯುವವರೆಗೆ ನರ್ಸ್‌ಬಾಯಿಯ ಗಂಡ. ಇಸಿದೋರ್ ಬಾಸಿಲನ ಕಾಲಿನ ಕಡೆ ನೋಡಿದ. ಮುಖದ ಕಡೆ ನೋಡಲಿಲ್ಲ.

"ಮರೆತದ್ದು ಫಾದರ್," ಎಂದ. "ನಾನು ಬೇಕಾದಷ್ಟು ಸಲ ಹೇಳಿದ್ದೇನೆ, ಕುಟ್ಟಿಕೊಂಡು ಹೋಗಿ ಅಂತ."

ಬಾಸಿಲ್ ಉಳಿದ ನೀರನ್ನು ನಿಧಾನವಾಗಿ ಕುಡಿದ. ಚೊಂಬನ್ನು ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಹೌದು ಫಾದರ್," ಎಂದ. "ತಪ್ಪು ನಮ್ಮದೇ. ಮಾಸ್ಟ್ರು ಹೇಳಿದ್ದು ನಮ್ಮ ತಲೆಗೆ ಹೋಗ್ಲಿಲ್ಲ."

ಇಸಿದೋರನನ್ನು ಮಾಸ್ಟ್ರು ಎಂದು ಕರೆದದ್ದು ಅದೇ ಮೊದಲು. ಇಷ್ಟು ದಿನ ಬಯಸಿದ್ದ ಆ ಮಾತು ಕಿವಿಗೆ ಬಿದ್ದಾಗ, ತಪ್ಪು ವಿಳಾಸಕ್ಕೆ ಬಂದ ಕಾಗದದ ಹಾಗಿತ್ತು.

ಉಳಿದರ್ಧ ಆಟದ ಬಗ್ಗೆ ಹೇಳುವಂಥದ್ದು ಇಲ್ಲ. ಕಾವೂರಿನವರು ಚೆಂಡು ಬಂದರೆ ಮುಟ್ಟಲು ಹೆದರುತ್ತಿದ್ದರು. ಮುಗಿಯುವಾಗ ಐವತ್ತೆಂಟು, ಎರಡು. ಮಂಡಳಿಯ ಹಿರಿಯರು, ಕಲಿಯುವವರು ದಡ್ಡರಾದರೆ ಕಲಿಸುವವನು ಏನು ಮಾಡುತ್ತಾನೆ ಎಂದು ತೀರ್ಮಾನಿಸಿದರು. ಅಂಥ ದಡ್ಡರ ಜೊತೆ ಮೂರು ವರ್ಷ ಏಗಿದವನ ತಾಳ್ಮೆ ಶಾಲೆಗೆ ಬೇಕಾದದ್ದೇ ಎಂದು ಒಬ್ಬರು ಸೇರಿಸಿದರು. ಫಾದರ್ ಕಿಸೆಯಿಂದ ಕಾಗದ ತೆಗೆದು ಕೊಟ್ಟರು.

ಮರಳುವ ಬಸ್ಸಿನಲ್ಲಿ ಜಾಗ ಇರಲಿಲ್ಲ. ಇಸಿದೋರ್ ಮದುವೆಯ ಕೋಟಿನಲ್ಲಿ, ಕಂಬಿ ಹಿಡಿದು ನಿಂತಿದ್ದ. ಬಾಸಿಲ್ ಮುಂದಿನ ಸೀಟಿನಿಂದ ಒಬ್ಬನನ್ನು ಎಬ್ಬಿಸಿದ.

"ಕೂತ್ಕೊಳ್ಳಿ ಮಾಸ್ಟ್ರೇ," ಎಂದ. "ಟ್ರಾವೆಲಿಂಗ್‌ನಲ್ಲಿ ನಿಲ್ಲಬಾರದು."

ಹಿಂದಿನ ಸೀಟಿನಲ್ಲಿ ಪೂವಪ್ಪನ ನಗು ಮೊದಲು ಕೇಳಿಸಿತು. ಆಮೇಲೆ ಇಡೀ ಬಸ್ಸಿನದು.

ಪಾಳಿ ಮುಗಿಸಿ ಬಂದ ಗೆರ್ಟ್ರೂಡ್ ಆರ್ಡರಿನ ಕಾಗದವನ್ನು ದೀಪದ ಬಳಿ ಹಿಡಿದು ಪೂರ್ತಿ ಓದಿದಳು. ಮಡಚಿ ಗಂಡನ ಕೈಗೆ ಕೊಟ್ಟಳು. ಆಟದ ಸುದ್ದಿ ಅವಳಿಗೆ ಬಸ್ಸಿನಲ್ಲೇ ಸಿಕ್ಕಿತ್ತು.

"ಹಾಗಾದರೆ ನಗುತ್ತಿದ್ದದ್ದು," ಎಂದಳು.

ಇಸಿದೋರ್ ಕಾಗದವನ್ನು ಕೋಟಿನ ಕಿಸೆಗೆ ಹಾಕಿದ. ಬಹರೈನಿನ ಕಥೆಯನ್ನು ಅವನು ಮತ್ತೆ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಈಗ ಅದನ್ನು ಊರೇ ಹೇಳುತ್ತಿತ್ತು. ಬಯಲಿಗೆ ಸಂಜೆ ಬರುವವರು ನಿಂತುಹೋದರು. ಗಾಲಿಯ ಪಟ್ಟಿಯನ್ನು ಯಾರೋ ಬಿಚ್ಚಿ ಬಾವಿಯ ಕಟ್ಟೆಗೆ ಹಾಕಿಕೊಂಡರು.

ಮುಂದಿನ ಸೋಮವಾರದಿಂದ ಇಸಿದೋರ್ ಬಿಳಿ ಚಡ್ಡಿ ತೊಟ್ಟು, ಕೊರಳಿಗೆ ಸೀಟಿ ಕಟ್ಟಿಕೊಂಡು ಶಾಲೆಯ ಅಂಗಳದಲ್ಲಿ ನಿಂತ. ಕೈ ಮೇಲೆ, ಕೈ ಕೆಳಗೆ, ಎಡಕ್ಕೆ, ಬಲಕ್ಕೆ. ಚೆಂಡಿನ ಆಟ ಯಾವುದನ್ನೂ ಅವನು ಕಲಿಸಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ, ಡ್ರಿಲ್ಲಿನ ಹೊತ್ತಿಗೆ ಸರಿಯಾಗಿ, ಬಾಸಿಲನ ಬಸ್ಸು ಶಾಲೆಯ ಗೇಟಿನ ಎದುರು ನಿಲ್ಲುತ್ತಿತ್ತು. ಬಾಸಿಲ್ ಬಾಗಿಲಲ್ಲಿ ಜೋತು, ಕೊರಳೆತ್ತಿ, "ಟ್ರಾವೆಲಿಂಗ್, ಟ್ರಾವೆಲಿಂಗ್, ಹಂಪನಕಟ್ಟೆ ಟ್ರಾವೆಲಿಂಗ್," ಎಂದು ಕೂಗುತ್ತಿದ್ದ. ಇದರ ಮೇಲೆ ಯಾರಿಗೆ ದೂರು ಕೊಡುವುದು? ಕಂಡಕ್ಟರು ಪ್ರಯಾಣಿಕರನ್ನು ಕರೆಯುವುದು ಅವನ ಕೆಲಸ. ಬಸ್ಸಿನವರೆಲ್ಲ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಬೆಳಗಿನ ಪಾಳಿ ಇಲ್ಲದ ದಿನ ಗೆರ್ಟ್ರೂಡ್ ಕೂಡ ಅದೇ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟಿನಲ್ಲಿ ಇರುತ್ತಿದ್ದಳು. ಅವಳು ಮಾತ್ರ ಆ ಹೊತ್ತಿಗೆ ತನ್ನ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದಳು.

ಅರವತ್ತೈದರ ಹೊತ್ತಿಗೆ ನರ್ಸ್‌ಬಾಯಿಯ ಗಂಡ ಎಂಬ ಮಾತು ಕಾವೂರಿನಲ್ಲಿ ಹಳತಾಯಿತು. ಟ್ರಾವೆಲಿಂಗ್ ಮಾಸ್ಟ್ರು ಎಂದು ಕೇಳಿದರೆ ಬಜ್ಪೆಯವರೆಗೂ ಮನೆ ತೋರಿಸುತ್ತಿದ್ದರು. ಅವನಿಗೆ ಬರುವ ಕಾಗದಗಳ ಮೇಲೆ ಹೆಂಡತಿಯ ಹೆಸರು ಬೇಕಾಗುತ್ತಿರಲಿಲ್ಲ. ಬಯಸಿದ್ದು ಸಿಕ್ಕಿತು. ಅವನದೇ ಹೆಸರು, ಅವನೇ ಸಂಪಾದಿಸಿದ್ದು, ಅದರಲ್ಲಿ ಯಾರಿಗೂ ಪಾಲಿಲ್ಲ.

ಒಂದು ಮಾತ್ರ ಅವನ ಕೈಮೀರಿ ಉಳಿಯಿತು. ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಆಚೆಯಿಂದ ಆ ಕೂಗು ಬಂದಾಗ, ಬೇಡ ಬೇಡ ಎಂದು ಹಲ್ಲು ಕಚ್ಚಿ ನಿಂತರೂ, ಅವನ ಬಲಗೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು, ತಲೆ ಬಾಗುತ್ತಿತ್ತು. ಸಾಲಿನಲ್ಲಿ ನಿಂತ ಇನ್ನೂರು ಮಕ್ಕಳು ಅದೂ ಡ್ರಿಲ್ಲಿನದೇ ಭಾಗವೆಂದು ತಿಳಿದು, ಎದೆಗೆ ಕೈಯಿಟ್ಟು, ಒಟ್ಟಿಗೆ ತಲೆ ಬಾಗಿಸುತ್ತಿದ್ದರು.